ಹವೆಯ ಏರಿಳಿತ ಮತ್ತು ಹೃದಯದ ಲಯ

ಮುಂಬಯಿಗೆ ಇರುವುದು ಎರಡೇ ಋತು, ಒಂದು ಮಳೆ, ಮತ್ತೊಂದು ಬೆವರು ಎಂದು ವಿನೋದವಾಗಿ ಹೇಳುವ ರೂಢಿಯುಂಟು. ಹವಾಮಾನ ಇಲಾಖೆಯ ದಾಖಲೆಗಳು ಈ ಮಾತನ್ನು ಒಪ್ಪುವುದಿಲ್ಲ. ಸಾಂತಾಕ್ರೂಜ್ ಕೇಂದ್ರದಲ್ಲಿ 1952ರ ಏಪ್ರಿಲ್ 14ರಂದು 42.2 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಗಿದ್ದರೆ, 1962ರ ಜನವರಿ 22ರಂದು ಅದು 7.4 ಡಿಗ್ರಿಗೆ ಇಳಿದಿತ್ತು. ರಾಷ್ಟ್ರೀಯ ಉದ್ಯಾನದ ಕಾಡಿಗೆ ತಾಗಿರುವ ಬೊರಿವಲಿಯ ಪೂರ್ವಭಾಗದಲ್ಲಿ ಮಾಗಿಯ ನಸುಕು ದಕ್ಷಿಣ ಮುಂಬಯಿಗಿಂತ ತಂಪಾಗಿರುತ್ತದೆ. ಮಾರ್ಚ್ ತಿಂಗಳಲ್ಲಿ ಪೂರ್ವದ ನೆಲಗಾಳಿ ಬಲವಾಗಿ, ಕಡಲ ಗಾಳಿ ತಡವಾಗಿ ಬೀಸುವ ದಿನಗಳಲ್ಲಿ ಬಿಸಿಲು ಒಮ್ಮೆಲೇ ಏರುತ್ತದೆ. ಈ ಏರಿಳಿತಕ್ಕೆ ಮೊದಲು ಹೆಗಲು ಕೊಡಬೇಕಾದ ಅವಯವವೆಂದರೆ ಹೃದಯ.

ಹೃದಯದ ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಪುಟ್ಟದೊಂದು ಅಂಗಾಂಶದಿಂದ ಹೊರಡುವ ವಿದ್ಯುತ್ ಸಂಜ್ಞೆಯೇ ಬಡಿತದ ಲಯವನ್ನು ನಿಯಂತ್ರಿಸುತ್ತದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಬಡಿತಗಳು ಸಾಮಾನ್ಯ. ಸೆಕೆಯಲ್ಲಿ ದೇಹವನ್ನು ತಂಪಾಗಿಸಲೆಂದು ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ರಕ್ತದ ಒತ್ತಡ ಇಳಿಯುತ್ತದೆ. ಅದನ್ನು ಸರಿದೂಗಿಸಲು ಹೃದಯವು ವೇಗವಾಗಿ ಬಡಿಯುತ್ತದೆ. ಮೈಯ ಉಷ್ಣತೆ ಒಂದು ಡಿಗ್ರಿ ಏರಿದರೆ ಬಡಿತವು ಸುಮಾರು ಹತ್ತರಷ್ಟು ಹೆಚ್ಚುವುದುಂಟು. ಬೆವರಿನೊಡನೆ ನೀರು, ಉಪ್ಪು ನಷ್ಟವಾಗಿ, ಪೊಟ್ಯಾಸಿಯಂ, ಮೆಗ್ನೀಸಿಯಂಗಳ ಸಮತೋಲ ಕೆಟ್ಟರೆ ಬಡಿತ ತಾಳ ತಪ್ಪಬಹುದು. ಮುಂಬಯಿಯ ತೇವಭರಿತ ಹವೆಯಲ್ಲಿ ಬೆವರು ಬೇಗ ಆರದ ಕಾರಣ ಈ ಶ್ರಮವು ಇಮ್ಮಡಿಸುತ್ತದೆ.

ಚಳಿಯ ಪರಿಣಾಮ ಇದಕ್ಕೆ ವಿರುದ್ಧವಾದುದು. ರಕ್ತನಾಳಗಳು ಕುಗ್ಗಿ ಒತ್ತಡ ಏರುತ್ತದೆ. ಹೃದಯದ ಸ್ನಾಯುವಿಗೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಬೆಚ್ಚಗಿನ ಊರಿನವರಿಗೆ ಅಲ್ಪ ಚಳಿಯೂ ಬಾಧಕವಾಗಬಹುದು. ಸಕಾಲದಲ್ಲಿ ಗಮನಿಸದೆ ಹೋದ ಲಯದೋಷಗಳಲ್ಲಿ ಹೃತ್ಕರ್ಣದ ಕಂಪನವು ರಕ್ತ ಹೆಪ್ಪುಗಟ್ಟಿಸಿ ಪಾರ್ಶ್ವವಾಯುವಿಗೆ ದಾರಿಮಾಡಬಲ್ಲದು. ಆದುದರಿಂದ ಎದೆಬಡಿತವೆಂದರೆ ಬರಿಯ ಗಾಬರಿಯೆಂದು ತಳ್ಳಿಹಾಕುವುದು ವಿವೇಕವಲ್ಲ.

ಇಂದಿನ ಜೀವನಕ್ರಮವು ಈ ಏರಿಳಿತವನ್ನು ಇನ್ನಷ್ಟು ಚುರುಕುಗೊಳಿಸಿದೆ. ದೇಶದ ಮೊದಲ ಹವಾನಿಯಂತ್ರಿತ ಉಪನಗರ ರೈಲು 2017ರ ಡಿಸೆಂಬರ್ 25ರಂದು ಬೊರಿವಲಿಯಿಂದಲೇ ಚರ್ಚ್‌ಗೇಟಿಗೆ ಹೊರಟಿತು. ಅದು ಸುಖಸಾಧನವೇ ಸರಿ. ಆದರೆ ತಣ್ಣನೆಯ ಡಬ್ಬಿಯಿಂದಿಳಿದು, ಸುಡುಬಿಸಿಲಿನಲ್ಲಿ ಸೇತುವೆಯ ಮೆಟ್ಟಲುಗಳನ್ನು ಅವಸರದಿಂದ ಏರುವ ವೃದ್ಧರು ನೆರಳಿನಲ್ಲಿ ಎರಡು ನಿಮಿಷ ನಿಂತು ಮುಂದುವರಿಯುವುದು ಕ್ಷೇಮ.

ಇಷ್ಟೆಲ್ಲ ವ್ಯಕ್ತಿಗತ ಎಚ್ಚರದ ಮಾತಾಯಿತು. ಸಮಾಜದ ಹೊಣೆ ಏನೂ ಇಲ್ಲವೇ? 2023ರ ಏಪ್ರಿಲ್ 16ರಂದು ನವಿಮುಂಬಯಿಯ ಖಾರಘರ್ ಮೈದಾನದಲ್ಲಿ ಹಗಲು ಹೊತ್ತು ನಡೆದ ಬಹಿರಂಗ ಪ್ರಶಸ್ತಿ ಸಮಾರಂಭದ ಬಳಿಕ ಬಿಸಿಲಿನ ಆಘಾತದಿಂದ 14 ಮಂದಿ ಅಸುನೀಗಿದರು. ಭಕ್ತಿಯಿಂದ ಬಂದು ಕುಳಿತವರು ಎದ್ದು ಹೋಗಲು ಸಂಕೋಚಪಡುತ್ತಾರೆ ಎಂಬುದು ಸಭೆ ನಡೆಸುವವರೆಲ್ಲರೂ ನೆನಪಿಡಬೇಕಾದ ಸತ್ಯ. ಕನ್ನಡ ಸಂಘಗಳ ಸಭೆಗಳಲ್ಲಿಯೂ ಅತಿಥಿಗಳು ತಡವಾಗಿ ಬರುವುದು, ಭಾಷಣಗಳು ಬೆಳೆಯುವುದು, ಸನ್ಮಾನಿತ ಹಿರಿಯರು ಶಾಲು, ಪೇಟ ಧರಿಸಿ ಸೆಕೆಯಲ್ಲಿ ಕಾಯುವುದು ಅಪರೂಪವಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ, ಸಭಾಗೃಹ ಸಿಗುವುದು ಹಗಲಿನಲ್ಲಿ, ಬೇರೆ ದಾರಿಯಿಲ್ಲವೆಂಬ ವಾದವುಂಟು. ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಆದರೂ ಹಿರಿಯರ ಸನ್ಮಾನವನ್ನು ಕಾರ್ಯಕ್ರಮದ ಮೊದಲಿಗೆ ಇಡುವುದಕ್ಕೆ, ಪ್ರತಿಯೊಂದು ಸಾಲಿಗೂ ಕುಡಿಯುವ ನೀರು ತಲುಪಿಸುವುದಕ್ಕೆ, ಭಾಷಣವನ್ನು ಮೊಟಕುಗೊಳಿಸುವುದಕ್ಕೆ ಹಣ ಬೇಕಿಲ್ಲ, ಮನಸ್ಸು ಬೇಕು. ಕರಾವಳಿಯಲ್ಲಿ ಉಷ್ಣತೆಯು 37 ಡಿಗ್ರಿ ತಲುಪಿ, ವಾಡಿಕೆಗಿಂತ 4.5 ಡಿಗ್ರಿ ಅಧಿಕವಾದರೆ ಹವಾಮಾನ ಇಲಾಖೆಯು ಅದನ್ನು ಉಷ್ಣ ಅಲೆಯೆಂದು ಪರಿಗಣಿಸುತ್ತದೆ. ಅಂಥ ಮುನ್ಸೂಚನೆಯಿದ್ದ ದಿನ ಬಯಲಿನ ಕಾರ್ಯಕ್ರಮವನ್ನು ಮುಂದೂಡುವುದರಿಂದ ಯಾವ ಸಂಘದ ಗೌರವಕ್ಕೂ ಕುಂದಿಲ್ಲ.

ಹೋಟೆಲುಗಳ ಅಡುಗೆಮನೆಯ ಒಲೆಯ ಮುಂದೆ ದಿನವಿಡೀ ನಿಲ್ಲುವ ಕಾರ್ಮಿಕರ ಸ್ಥಿತಿಯೂ ಚಿಂತನೀಯ. ತುಳುನಾಡಿನಿಂದ ಬಂದು ಈ ಉದ್ಯಮವನ್ನು ಕಟ್ಟಿದ ಮಾಲಕರು ತಮ್ಮ ಹುಡುಗರಿಗೆ ಗಾಳಿ, ನೀರು, ನಡುನಡುವೆ ವಿಶ್ರಾಂತಿ ಒದಗಿಸುವುದು ದಾನವಲ್ಲ, ಕರ್ತವ್ಯ.

ಮನೆಮನೆಗಳಲ್ಲಿ ಮಾಡಬಹುದಾದುದು ಇಷ್ಟು. ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸುವುದನ್ನು ಎಲ್ಲರೂ ಕಲಿಯಲಿ. ಮೂತ್ರ ಹೆಚ್ಚಿಸುವ ಮಾತ್ರೆ, ರಕ್ತದೊತ್ತಡದ ಮಾತ್ರೆ ಸೇವಿಸುವವರು ಬೇಸಗೆಗೆ ಮುನ್ನ ವೈದ್ಯರನ್ನು ಕಾಣಲಿ. ಸ್ವಂತ ಬುದ್ಧಿಯಿಂದ ಔಷಧ ನಿಲ್ಲಿಸದಿರಲಿ. ನೀರಿನ ಮಿತಿ ಹೇಳಿಸಿಕೊಂಡ ಹೃದ್ರೋಗಿಗಳು ಎಷ್ಟು ಕುಡಿಯಬೇಕೆಂದು ಕೇಳಿ ತಿಳಿಯಲಿ. ಎದೆನೋವು, ಮೂರ್ಛೆ, ಉಸಿರಾಟದ ಕಷ್ಟ, ಬುದ್ಧಿಭ್ರಮೆ ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು. ಬಿಸಿಲಿನಿಂದ ಬಿದ್ದವರನ್ನು ವಾಹನ ಬರುವ ತನಕ ನೆರಳಿಗೆ ತಂದು ತಣ್ಣೀರ ಬಟ್ಟೆಯಿಂದ ಮೈಯೊರಸುತ್ತಿರಬೇಕು.

ಪರಸ್ಥಳದಲ್ಲಿ ಕನ್ನಡವನ್ನು ಉಳಿಸಿದ ಹಿರಿಯರನ್ನು ವೇದಿಕೆಗೆ ಕರೆದು ಹಾರ ಹಾಕುವುದು ಶ್ಲಾಘನೀಯ. ಅವರನ್ನು ಸಕಾಲಕ್ಕೆ ಸುರಕ್ಷಿತವಾಗಿ ಮನೆಗೆ ತಲುಪಿಸುವುದು ಅದಕ್ಕಿಂತಲೂ ಹಿರಿದಾದ ಸನ್ಮಾನ.