ಶಾರ್ಕ್ ಮರಿಗೆ ಎಷ್ಟು ದೊಡ್ಡ ಮನೆ ಬೇಕು?

ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಹೋಗಿದ್ದೀರಾ? ಅಲ್ಲಿನ ಮೀನಿನ ಸಾಲಿನಲ್ಲಿ ಮಂಜುಗಡ್ಡೆಯ ಮೇಲೆ ಒಮ್ಮೊಮ್ಮೆ ಬೂದುಬಣ್ಣದ ಪುಟ್ಟ ಶಾರ್ಕ್ ಕಾಣಸಿಗುತ್ತದೆ. ದಂಡು ಪ್ರದೇಶದ ತಮಿಳು ಮನೆಗಳಲ್ಲಿ ಅದಕ್ಕೆ ‘ಸುರಾ’ ಎನ್ನುತ್ತಾರೆ, ನಮ್ಮ ಕರಾವಳಿಯಲ್ಲಿ ‘ತಾಟೆ’. ಅಲಂಕಾರಿಕ ಮೀನು ಮಾರುವ ಅಂಗಡಿಗಳಲ್ಲೂ ‘ಶಾರ್ಕ್’ ಎಂಬ ಹೆಸರಿನ ಮೀನುಗಳಿರುತ್ತವೆ. ಮೋಸಹೋಗಬೇಡಿ! ‘ಇರಿಡಿಸೆಂಟ್ ಶಾರ್ಕ್’ ಎಂಬುದು ಕ್ಯಾಟ್‌ಫಿಶ್ ಗುಂಪಿನದು. ‘ರೈನ್‌ಬೋ ಶಾರ್ಕ್’ ಗೆಂಡೆ ಮೀನಿನ ಬಂಧು. ಎರಡಕ್ಕೂ ಮೂಳೆಗಳಿವೆ, ಎರಡೂ ಸಿಹಿನೀರಿನವು. ನಿಜವಾದ ಶಾರ್ಕ್‌ಗೆ ಮೂಳೆಯೇ ಇಲ್ಲ. ಅದರ ಅಸ್ಥಿಪಂಜರ ನಿಮ್ಮ ಕಿವಿಯಲ್ಲಿರುವಂಥ ಮೃದ್ವಸ್ಥಿಯಿಂದ ಆದದ್ದು.

ಆದರೆ ನಿಜವಾದ ಶಾರ್ಕನ್ನೇ ಮನೆಯಲ್ಲಿ ಸಾಕುವವರೂ ಲೋಕದಲ್ಲಿದ್ದಾರೆ. ಅದರ ಮೊಟ್ಟೆಯನ್ನು ಕೊಂಡು ತಂದು ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಮರಿ ಮಾಡಿಸುತ್ತಾರೆ. ಇದು ಬೇಡ ಎಂಬುದು ನನ್ನ ಅಭಿಪ್ರಾಯ. ಏಕೆ ಎನ್ನುವ ಮೊದಲು ಅವರ ಆಸೆ ಎಂಥದೆಂದು ತಿಳಿಯೋಣ, ಏಕೆಂದರೆ ಆ ಮೊಟ್ಟೆಯನ್ನು ನೋಡಿದರೆ ನಿಮಗೂ ಅದೇ ಆಸೆ ಹುಟ್ಟೀತು.

ಬಹಳಷ್ಟು ಶಾರ್ಕ್‌ಗಳು ಮರಿ ಹಾಕುತ್ತವೆ, ಕೆಲವು ಮಾತ್ರ ಮೊಟ್ಟೆ ಇಡುತ್ತವೆ. ಬ್ಯಾಂಬೂ ಶಾರ್ಕ್ ಮೊಟ್ಟೆ ಇಡುವ ಜಾತಿ. ಇದರ ಒಂದು ಪ್ರಭೇದ ನಮ್ಮ ಅರಬ್ಬೀ ಸಮುದ್ರದಲ್ಲೂ ಇದೆ. ಇದರ ಮೊಟ್ಟೆಗೆ ಕೋಳಿಮೊಟ್ಟೆಯಂತೆ ಸುಣ್ಣದ ಚಿಪ್ಪಿಲ್ಲ. ಕಂದು ಬಣ್ಣದ ಪುಟ್ಟ ಚರ್ಮದ ಚೀಲದಂತಿರುತ್ತದೆ. ಹಿಂದಿನಿಂದ ಟಾರ್ಚ್ ಬೆಳಕು ಬಿಟ್ಟರೆ ಒಳಗಿನ ಹಳದಿ ಭಂಡಾರ, ಅದಕ್ಕೆ ಅಂಟಿಕೊಂಡು ಬಾಲ ಆಡಿಸುವ ಭ್ರೂಣ ಎರಡೂ ಕಾಣುತ್ತವೆ. ನಾಲ್ಕೈದು ತಿಂಗಳಲ್ಲಿ ಸುಮಾರು 15 ಸೆಂಟಿಮೀಟರ್ ಉದ್ದದ ಮರಿ ಹೊರಬರುತ್ತದೆ.

2013ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಒಂದು ಸೋಜಿಗವನ್ನು ಪ್ರಕಟಿಸಿದರು. ಬೇಟೆಯಾಡುವ ಪ್ರಾಣಿಯ ಮೈಯಿಂದ ಹೊಮ್ಮುವಂಥ ದುರ್ಬಲ ವಿದ್ಯುತ್ ಸುಳಿದರೆ ಸಾಕು, ಬ್ಯಾಂಬೂ ಶಾರ್ಕಿನ ಭ್ರೂಣ ಮೊಟ್ಟೆಯೊಳಗೇ ಕಿವಿರಿನ ಚಲನೆ ನಿಲ್ಲಿಸಿ ಉಸಿರು ಬಿಗಿಹಿಡಿದು ಸ್ತಬ್ಧವಾಗುತ್ತದೆ! ಹುಟ್ಟುವ ಮೊದಲೇ ಅದು ಕಣ್ಣಾಮುಚ್ಚಾಲೆ ಆಡಬಲ್ಲದು.

ಕಷ್ಟವಿರುವುದು ಮೊಟ್ಟೆ ಒಡೆದ ಮೇಲೆ. ಇಂದಿರಾನಗರದ ಒಂದು ಮನೆಯಲ್ಲಿ 300 ಲೀಟರ್‌ನ ತೊಟ್ಟಿ ಇದೆ ಎಂದುಕೊಳ್ಳಿ. ಕಡಲು ಇಲ್ಲಿಂದ ನೂರಾರು ಕಿಲೋಮೀಟರ್ ದೂರ. ಹಾಗಾಗಿ ಕಡಲನ್ನು ಮನೆಯಲ್ಲೇ ತಯಾರಿಸಬೇಕು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಹಾಗಾದರೆ 300 ಲೀಟರಿಗೆ? ಲೆಕ್ಕ ಮಾಡಿ: ಹತ್ತೂವರೆ ಕಿಲೋ. ಅಡುಗೆ ಉಪ್ಪು ಸಾಲದು, ಮೆಗ್ನೀಸಿಯಂ, ಕ್ಯಾಲ್ಸಿಯಂ ಮುಂತಾದವೂ ಬೇಕು. ನಲ್ಲಿಯ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದು ನಮಗೆ ರಕ್ಷಣೆ, ಮೀನಿನ ಕಿವಿರಿಗೆ ವಿಷ. ಅದನ್ನು ತೆಗೆಯಬೇಕು.

ಮೀನು ವಿಸರ್ಜಿಸುವ ಅಮೋನಿಯವೂ ವಿಷವೇ. ಶೋಧಕದಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುತ್ತವೆ. ಶಾರ್ಕ್ ಮಾಂಸಾಹಾರಿ, ಬೆಳೆದಂತೆ ಅದರ ಹೊಲಸೂ ಹೆಚ್ಚು. ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ನೀರಿಗೆ ಗಾಳಿ ಬೆರೆಯುವುದು ನಿಲ್ಲುತ್ತದೆ. (ಕರೆಂಟಿನ ವಿಷಯ ಕೆ.ಆರ್. ಪುರದ ಮಕ್ಕಳಿಗೆ ನಾನು ಹೇಳಿಕೊಡಬೇಕಾಗಿಲ್ಲ.) 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯ ನೀರಿಗೆ ಕೊಳಚೆ ಸೇರಿ ಆಮ್ಲಜನಕ ಕುಸಿದು ಸಾವಿರಾರು ಮೀನುಗಳು ಸತ್ತು ತೇಲಿದವು. ಅಷ್ಟು ದೊಡ್ಡ ಕೆರೆಗೇ ಆ ಗತಿಯಾದರೆ, ಗಾಜಿನ ಪೆಟ್ಟಿಗೆಗೆ ಎಷ್ಟು ಹೊತ್ತು ಬೇಕು?

ಇಷ್ಟೆಲ್ಲ ಗೆದ್ದರೂ ಮರಿ ಮರಿಯಾಗಿಯೇ ಇರುವುದಿಲ್ಲ. ಕಂದುಪಟ್ಟೆಯ ಬ್ಯಾಂಬೂ ಶಾರ್ಕ್ ಒಂದು ಮೀಟರ್ ಉದ್ದ ಬೆಳೆಯುತ್ತದೆ. ಆಗ ಅದನ್ನು ಎಲ್ಲಿಗೆ ಒಯ್ಯುವುದು? ಕೆರೆಗೆ ಬಿಡುವಂತಿಲ್ಲ. ಶಾರ್ಕಿನ ರಕ್ತದಲ್ಲಿ ಯೂರಿಯ ಮತ್ತು ಲವಣಗಳು ತುಂಬಿರುತ್ತವೆ. ಕಡಲಿನಲ್ಲಿ ಅದು ಬದುಕುವ ಉಪಾಯವೇ ಅದು. ಸಿಹಿನೀರಿಗೆ ಬಿದ್ದರೆ ನೀರು ಅದರ ದೇಹದೊಳಕ್ಕೆ ನುಗ್ಗಿ ಪ್ರಾಣ ಹೋಗುತ್ತದೆ. ಅಂಗಡಿಯ ಸುಳ್ಳು ಶಾರ್ಕ್‌ಗಳನ್ನೂ ಕೆರೆಗೆ ಬಿಡಬಾರದು. ಅವು ಸಾಯದೆ ಬದುಕಿ ಅಲ್ಲಿನ ಮೀನುಗಳ ಪಾಲು ಕಸಿಯುತ್ತವೆ.

‘ಮರಿ ಮಾಡಿಸಿದರೆ ಶಾರ್ಕ್ ಸಂತತಿ ಉಳಿಯುವುದಿಲ್ಲವೇ?’ ಎಂದು ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆ. ಇಂಡೊನೇಷ್ಯಾದ ರಾಜಾ ಅಂಪಟ್ ದ್ವೀಪಗಳಲ್ಲಿ ಜೀಬ್ರಾ ಶಾರ್ಕ್ ಬಹುತೇಕ ಇಲ್ಲವಾಗಿತ್ತು. ಬೇರೆ ದೇಶದ ದೊಡ್ಡ ಮತ್ಸ್ಯಾಲಯಗಳಲ್ಲಿ ಇಟ್ಟ ಮೊಟ್ಟೆಗಳನ್ನು ವಿಮಾನದಲ್ಲಿ ತಂದು, ಅಲ್ಲಿಯೇ ಮರಿ ಮಾಡಿಸಿ, 2023ರ ಜನವರಿಯಲ್ಲಿ ಮೊದಲ ಮರಿಗಳನ್ನು ಕಡಲಿಗೆ ಬಿಟ್ಟರು. ಆ ಮರಿಗಳಿಗೆ ಹೋಗಲು ಕಡಲಿತ್ತು, ಅಲ್ಲಿ ಮೀನುಗಾರಿಕೆಯಿಂದ ರಕ್ಷಣೆಯೂ ಇತ್ತು. ಇಂದಿರಾನಗರದ ಮರಿಗೆ ಆ ಕೊನೆಯ ಹೆಜ್ಜೆಯೇ ಇಲ್ಲ.

ಮುಂದಿನ ಸಲ ಮನೆಯವರ ಜೊತೆ ಮಾರುಕಟ್ಟೆಗೆ ಹೋದಾಗ ಶಾರ್ಕ್ ಕಂಡರೆ, ವ್ಯಾಪಾರಿಯನ್ನು ಕೇಳಿ ಅದರ ಬಾಲದಿಂದ ತಲೆಯತ್ತ ಮೆಲ್ಲಗೆ ಬೆರಳಾಡಿಸಿ. ಬಡಗಿಯ ಉಪ್ಪುಕಾಗದದಂತೆ ಒರಟಾಗಿರುತ್ತದೆ. ತಲೆಯ ಪಕ್ಕದಲ್ಲಿ ಕಿವಿರಿನ ಸೀಳು ಎಷ್ಟಿವೆ, ಎಣಿಸಿ.

ಶಾಲೆಗೆ ಬಂದು ಸೀಮೆಸುಣ್ಣದಿಂದ ಜಗಲಿಯ ಮೇಲೆ 90 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲದ ಪೆಟ್ಟಿಗೆ ಬರೆಯಿರಿ. ಅದು ಮನೆಯ ತೊಟ್ಟಿ. ಅದರೊಳಗೆ 15 ಸೆಂಟಿಮೀಟರ್‌ನ ಮರಿಯನ್ನು ಬರೆಯಿರಿ. ಈಗ ಅದೇ ಪೆಟ್ಟಿಗೆಯಲ್ಲಿ ಒಂದು ಮೀಟರ್ ಉದ್ದದ ಶಾರ್ಕ್ ಬರೆಯಲು ಪ್ರಯತ್ನಿಸಿ.