ಮಂಡಿನೋವಿಗೆ ಮೊದಲ ಖರ್ಚು ಎಂಆರ್‌ಐ ಆಗಬೇಕೇ?

ಮನೆಯಲ್ಲಿ ಹಿರಿಯರು ಮಂಡಿನೋವು ಅಂದರೆ ಸಾಕು, "ಎಂಆರ್‌ಐ ಮಾಡಿಸಿ, ಶುರುವಿನಲ್ಲೇ ಗೊತ್ತಾಗುತ್ತೆ" ಎಂದು ಯಾರಾದರೂ ಹೇಳುತ್ತಾರೆ. ನಮ್ಮ ನಾನಿ ಈಗ ಕುರ್ಚಿಯ ಮೇಲೆ ಕೂತು ನಮಾಜ್ ಮಾಡುತ್ತಾರೆ. ಹಾಗಾಗಿ ಈ ಸಲಹೆ ನಮ್ಮ ಮನೆಗೂ ಬಂದಿದೆ. ನಾನು ಡಾಕ್ಟರ್ ಅಲ್ಲ, ಕಾಮರ್ಸ್ ವಿದ್ಯಾರ್ಥಿ. ಆದರೆ ಖರ್ಚಿಗೆ ಮೊದಲು ಅದರಿಂದ ಏನು ಸಿಗುತ್ತದೆ ಎಂದು ಕೇಳುವುದು ನಮ್ಮ ಪಾಠವೇ.

ಎಂಆರ್‌ಐನ ಶಕ್ತಿ ದೊಡ್ಡದು, ಅದನ್ನು ಒಪ್ಪಬೇಕು. ಕೀಲಿನಲ್ಲಿ ಮೂಳೆಯ ತುದಿಗೆ ಕಾರ್ಟಿಲೇಜ್ ಎಂಬ ನುಣುಪಾದ ಪದರ ಇರುತ್ತದೆ. ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ. ಮೂಳೆಗಳ ನಡುವಿನ ಜಾಗ ಕಡಿಮೆಯಾದ ಮೇಲೆ, ಪದರ ಸವೆದಿದೆ ಎಂದು ಊಹಿಸುತ್ತಾರೆ. ಕಾರ್ಟಿಲೇಜ್‌ನಲ್ಲಿ ಹೆಚ್ಚಿನ ಪಾಲು ನೀರು. ಎಂಆರ್‌ಐ ಆ ನೀರಿನ ಹೈಡ್ರೋಜನ್‌ನಿಂದಲೇ ಚಿತ್ರ ಕೊಡುತ್ತದೆ. ಟಿ2 ಮ್ಯಾಪಿಂಗ್ ಎಂಬ ವಿಧಾನದಲ್ಲಿ ಪದರ ತೆಳುವಾಗುವ ಮೊದಲೇ ಒಳಗಿನ ಬದಲಾವಣೆಯನ್ನು ಗುರುತಿಸಬಹುದು.

ಆದರೆ ಗೊತ್ತಾದ ಮೇಲೆ ಏನು? ಸವೆದ ಕಾರ್ಟಿಲೇಜನ್ನು ಮತ್ತೆ ಬೆಳೆಸುವ ಮಾತ್ರೆ ಇನ್ನೂ ಬಂದಿಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ ನಡೆದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. 50 ದಾಟಿದ, ಎಕ್ಸ್‌ರೇಯಲ್ಲಿ ಸವೆತ ಕಾಣದ 710 ಜನರಿಗೆ ಮಂಡಿಯ ಎಂಆರ್‌ಐ ಮಾಡಿದಾಗ 89% ಜನರಲ್ಲಿ ಏನಾದರೊಂದು ದೋಷ ಕಂಡಿತು. ನೋವಿಲ್ಲದವರಲ್ಲೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ರಿಪೋರ್ಟ್‌ನಲ್ಲಿ ಏನೋ ಇದ್ದೇ ಇರುತ್ತದೆ, ಅದೇ ನೋವಿಗೆ ಕಾರಣ ಎನ್ನಲಾಗದು. ಮನೆಯವರ ಹೆದರಿಕೆ ಮಾತ್ರ ಹೆಚ್ಚುತ್ತದೆ.

ಸಾಮಾನ್ಯ ಮಂಡಿ ಸವೆತಕ್ಕೆ ಮೊದಲ ಚಿಕಿತ್ಸೆ ಎಂದರೆ ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮ, ತೂಕ ಹೆಚ್ಚಿದ್ದರೆ ಇಳಿಸುವುದು. 1 ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು 4 ಕೆಜಿ ಇಳಿಯುತ್ತದೆ. ಇದಕ್ಕೆ ಎಂಆರ್‌ಐ ಬೇಕಿಲ್ಲ. ಸ್ಕ್ಯಾನ್‌ಗೆ ಕೊಟ್ಟ ದುಡ್ಡಿನಿಂದಾಗಿ ಫಿಸಿಯೋಥೆರಪಿಗೆ ದುಡ್ಡು ಉಳಿಯದಿದ್ದರೆ, ನಾವು ಓದುವ ಅವಕಾಶ ವೆಚ್ಚ ಅದೇ.

ಎಲ್ಲರಿಗೂ ಸ್ಕ್ಯಾನ್ ಬೇಡ ಎಂದು ನಾನು ಹೇಳುತ್ತಿಲ್ಲ. ಬಿದ್ದು ಪೆಟ್ಟಾಗಿದ್ದರೆ, ಮಂಡಿ ಸಿಕ್ಕಿಹಾಕಿಕೊಂಡಂತಾದರೆ, ದಿಢೀರನೆ ಊದಿಕೊಂಡರೆ ತಡಮಾಡದೆ ಡಾಕ್ಟರ್ ಹೇಳಿದ ಪರೀಕ್ಷೆ ಮಾಡಿಸಬೇಕು. ಹೊಸ ಔಷಧಿ ಹುಡುಕುವ ಸಂಶೋಧಕರಿಗೂ ಈ ತಂತ್ರ ಬೇಕೇ ಬೇಕು. ಅಂಥ ಔಷಧಿ ಬಂದ ದಿನ ನನ್ನ ಲೆಕ್ಕವೂ ಬದಲಾಗುತ್ತದೆ.

ಅಲ್ಲಿಯವರೆಗೆ, ನಾವಾಗಿಯೇ ಸ್ಕ್ಯಾನ್ ಸೆಂಟರ್‌ಗೆ ಹೋಗುವುದು ಬೇಡ. ಜಯನಗರದ ಪಕ್ಕದಲ್ಲೇ, ಬೈರಸಂದ್ರದಲ್ಲಿ ಸರ್ಕಾರದ ಸಂಜಯ್ ಗಾಂಧಿ ಮೂಳೆ ಆಸ್ಪತ್ರೆ ಇದೆ. ಮೊದಲು ಡಾಕ್ಟರಿಗೆ ಮಂಡಿ ತೋರಿಸಿ. ಎಂಆರ್‌ಐ ಬರೆದುಕೊಟ್ಟರೆ, ಹಿರಿಯರ ಜೊತೆ ಹೋದ ನಾವು ಒಂದು ಪ್ರಶ್ನೆ ಕೇಳೋಣ: "ರಿಪೋರ್ಟ್ ನೋಡಿದ ಮೇಲೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತೆ, ಸರ್?"