ಭಾಗಲಬ್ಧ ಏರಿದೊಡನೆ ಬಡತನ ಇಳಿಯದು

ಕಾರ್ಮಿಕರ ಉತ್ಪಾದಕತೆ ಏರಿತೆಂದರೆ ದೇಶದ ಆರ್ಥಿಕತೆ ಆರೋಗ್ಯವಾಗಿದೆಯೆಂದೇ ಅರ್ಥ ಎಂದು ವಾದಿಸುವ ಪಂಡಿತರಿದ್ದಾರೆ. ಮಕ್ಕಳಿಗೆ ಭಾಗಾಕಾರ ಕಲಿಸಿ ನಿವೃತ್ತನಾದ ನಾನು ಈ ಮಾತನ್ನು ಒಪ್ಪಲಾರೆ.

ಉತ್ಪಾದಕತೆಯೆಂಬುದು ಒಂದು ಭಾಗಲಬ್ಧ. ಒಟ್ಟು ಉತ್ಪನ್ನವನ್ನು ದುಡಿದ ಗಂಟೆಗಳಿಂದ ಭಾಗಿಸಿದಾಗ ದೊರೆಯುವ ಸಂಖ್ಯೆ. ಭಾಜ್ಯ ಹಿಗ್ಗಿದರೂ ಅದು ಏರುತ್ತದೆ, ಭಾಜಕ ಕುಗ್ಗಿದರೂ ಏರುತ್ತದೆ. ಓದಿನಲ್ಲಿ ಹಿಂದುಳಿದ ಹತ್ತು ಮಕ್ಕಳಿಗೆ ವರ್ಗಾವಣೆ ಪತ್ರ ಕೊಟ್ಟು ಕಳುಹಿಸಿದರೆ ತರಗತಿಯ ಸರಾಸರಿ ಅಂಕ ಮರುದಿನವೇ ಏರೀತು. ಆದರೆ ಉಳಿದವರಲ್ಲಿ ಯಾರೂ ಒಂದಕ್ಷರ ಹೆಚ್ಚು ಕಲಿತಿರುವುದಿಲ್ಲ. 2009ರಲ್ಲಿ ಅಮೆರಿಕದಲ್ಲಿ ಆದದ್ದು ಬಹುಮಟ್ಟಿಗೆ ಇದೇ. ಉತ್ಪನ್ನ ಕುಸಿಯಿತು, ದುಡಿಮೆಯ ಗಂಟೆಗಳು ಅದಕ್ಕಿಂತಲೂ ಹೆಚ್ಚು ಕುಸಿದವು. ಹೀಗಾಗಿ ಉತ್ಪಾದಕತೆ ಏರಿತು. ಆ ವರ್ಷದ ಅಕ್ಟೋಬರಿನಲ್ಲಿ ನಿರುದ್ಯೋಗವೂ ಶೇಕಡಾ 10ಕ್ಕೆ ಏರಿತು.

ಅಷ್ಟು ದೂರವೇಕೆ, ನಮ್ಮ ಗಂಡಸಿ ಸೀಮೆಯನ್ನೇ ನೋಡಿ. ಹಿಂದೆ ರಾಗಿಯ ಸುಗ್ಗಿಯೆಂದರೆ ಕೊಯ್ಲು, ಮೆದೆ, ಕಣ, ರೋಣಗಲ್ಲು, ತೂರುವಿಕೆ ಎಂದು ವಾರಗಟ್ಟಲೆ ದುಡಿಮೆ. ಇಂದು ಕಟಾವು ಯಂತ್ರ ಹೊಲಕ್ಕಿಳಿದರೆ ಅವೆಲ್ಲವೂ ಕೆಲವೇ ಗಂಟೆಗಳ ಕೆಲಸ. ಬೆನ್ನು ಮುರಿಯುವ ದುಡಿಮೆ ತಪ್ಪಿತೆಂದು ನಾನು ಅಳುವವನಲ್ಲ. ಆದರೆ ಕಣದಲ್ಲಿ ದುಡಿದು ಮೊರದ ತುಂಬ ರಾಗಿ ಪಡೆದು ಮನೆಗೊಯ್ಯುತ್ತಿದ್ದ ಕುಟುಂಬ ಈಗ ಎಲ್ಲಿದೆ? ಅದಕ್ಕೆ ಮೇಲಾದ ಕಸುಬು ದೊರೆತಿದ್ದರೆ ಅದು ಆರೋಗ್ಯ. ನಾಳಿನ ಕೂಲಿಗಾಗಿ ಹ್ಯಾಂಡ್‌ಪೋಸ್ಟಿನಲ್ಲಿ ಕಾದು ನಿಂತಿದ್ದರೆ ಅಲ್ಲ. ಭಾಗಲಬ್ಧಕ್ಕೆ ಈ ಎರಡರ ಭೇದ ತಿಳಿಯದು.

2023ರ ಅಕ್ಟೋಬರಿನಲ್ಲಿ ಎನ್. ಆರ್. ನಾರಾಯಣಮೂರ್ತಿಯವರು ಭಾರತದ ಉತ್ಪಾದಕತೆ ಜಗತ್ತಿನಲ್ಲೇ ತೀರ ಕೆಳಮಟ್ಟದ್ದೆಂದೂ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದೂ ಹೇಳಿದರು. ಅವರ ಸಾಧನೆಯ ಬಗೆಗೆ ನನಗೆ ಗೌರವವಿದೆ. ಲೆಕ್ಕದ ಬಗೆಗೆ ತಕರಾರಿದೆ. ಗಂಟೆಗಳನ್ನು ಹೆಚ್ಚಿಸಿದರೆ ಭಾಜಕವೂ ಹೆಚ್ಚುತ್ತದಲ್ಲವೆ? ಜರ್ಮನರು ನಮಗಿಂತ ಕಡಿಮೆ ಹೊತ್ತು ದುಡಿದೂ ಗಂಟೆಯೊಂದಕ್ಕೆ ನಮಗಿಂತ ಹೆಚ್ಚು ಉತ್ಪಾದಿಸುತ್ತಾರೆ. ಅದಕ್ಕೆ ಕಾರಣ ಉಪಕರಣ, ತರಬೇತಿ, ಸುವ್ಯವಸ್ಥೆ, ದಣಿವಲ್ಲ.

ಉತ್ಪಾದಕತೆ ಹೆಚ್ಚದೆ ಕೂಲಿ ಹೆಚ್ಚದೆಂಬ ಪ್ರತಿವಾದವುಂಟು. ದೀರ್ಘಕಾಲದ ಮಟ್ಟಿಗೆ ಅದು ನಿಜ. ಮಳೆಯಾಗದೆ ಕೆರೆ ತುಂಬದು. ಆದರೆ ತೂಬು ಯಾರ ಗದ್ದೆಯ ಕಡೆಗೆ ತೆರೆದಿದೆಯೆಂಬುದನ್ನು ಮಳೆ ನಿರ್ಧರಿಸುವುದಿಲ್ಲ.

ಆದ್ದರಿಂದ ಉತ್ಪಾದಕತೆ ಇಷ್ಟು ಏರಿತೆಂದು ಯಾರಾದರೂ ಹೆಮ್ಮೆಯಿಂದ ಸಾರಿದಾಗ ಇನ್ನೆರಡು ಅಂಕಿಗಳನ್ನು ಕೇಳಿರಿ: ಕೂಲಿ ಎಷ್ಟು ಏರಿತು? ಕೆಲಸವಿರುವವರು ಎಷ್ಟು ಮಂದಿ ಉಳಿದರು? ಅವೆರಡನ್ನೂ ಹೇಳದವರ ಲೆಕ್ಕಕ್ಕೆ ನಾನಂತೂ ಪೂರ್ಣಾಂಕ ಕೊಡಲಾರೆ.